ವೀಣೆಯ ಮೇಳವನ್ನು ಸರಿಪಡಿಸುವ ಕ್ರಮ
(ಶ್ರೀಮಠದ ಸುವರ್ಣ ಮಹೋತ್ಸವದ ಸಂಗೀತಗೋಷ್ಠಿಯಲ್ಲಿ ಮಾಡಿದ ಭಾಷಣ)

 

ಈ ಮಹೋತ್ಸವದ ಸಂದರ್ಭದಲ್ಲಿ ನನಗೂ ನಾಲ್ಕು ಮಾತನ್ನಾಡಲು ಅಪ್ಪಣೆಯಾದುದು ನನ್ನ ಪುಣ್ಯವಿಶೇಷವೆಂದು ಭಾವಿಸುತ್ತೇನೆ. ರಾಗಲಕ್ಷಣವನ್ನು ಕುರಿತು, ನಾದದ ಮಹಿಮೆಯನ್ನು ಕುರಿತು ಮಾತನಾಡಬಲ್ಲ ವಿದ್ವಾಂಸರು ಈ ವೇದಿಕೆಯ ಮೇಲೆ ಅನೇಕರಿದ್ದಾರೆ. ನಾನಾದರೋ ವೀಣೆಯನ್ನು ನುಡಿಸುವುದಕ್ಕಿಂತ ಹೆಚ್ಚು ಕಾಲವನ್ನು ಅದನ್ನು ಬಿಚ್ಚಿ ಕಟ್ಟುವುದರಲ್ಲಿಯೇ ಕಳೆದವನು. ಆದುದರಿಂದ ನನಗೆ ತಿಳಿದಿರುವ ಆ ಒಂದು ಕೆಲಸವನ್ನು ಕುರಿತು, ಎಂದರೆ ವೀಣೆಯ ದಂಡಿ, ಕುದುರೆ, ಮೆಟ್ಟಿಲುಗಳನ್ನು ಹದಗೊಳಿಸುವ ಕ್ರಮವನ್ನು ಕುರಿತು ಅರಿಕೆಮಾಡಿಕೊಳ್ಳುತ್ತೇನೆ.

ಧರ್ಮಪೀಠದ ಸನ್ನಿಧಿಯಲ್ಲಿ ಮೇಣ ಮರಗಳ ಮಾತೇಕೆಂದು ಯಾರಿಗಾದರೂ ತೋರಬಹುದು. ಬಸವಣ್ಣನವರು ವಾದ್ಯದ ಅಂಗಾಂಗಗಳನ್ನು ತಮ್ಮ ದೇಹದ ಅಂಗಾಂಗಗಳಲ್ಲಿಯೇ ಕಂಡು ನುಡಿದ ವಚನವು ತಮಗೆಲ್ಲರಿಗೂ ಕಂಠಪಾಠವಾಗಿರುವುದು. ನಿಜಗುಣ ಶಿವಯೋಗಿಗಳು ತಮ್ಮ ವಿವೇಕಚಿಂತಾಮಣಿಯಲ್ಲಿ ಸಂಗೀತಶಾಸ್ತ್ರಕ್ಕೂ ಎಡೆಗೊಟ್ಟಿರುವರು. ನಮ್ಮ ಹಿರಿಯರಿಗೆ ವಾದ್ಯದ ಮೈ ಅಲಕ್ಷ್ಯದ ವಸ್ತುವಾಗಿರಲಿಲ್ಲ. ನಾವು ಮಾತ್ರ ವೀಣೆಗೆ ಅರಿಸಿನ ಕುಂಕುಮಗಳನ್ನಿಟ್ಟು ಪೂಜಿಸುತ್ತೇವೆ. ಅದರ ದಂಡಿ ಬಾಗಿದೆಯೋ ನೆಟ್ಟಗಿದೆಯೋ ಎಂದು ಒಂದು ದಿನವೂ ನೋಡುವುದಿಲ್ಲ.

ಮೊದಲು ವಾದ್ಯದ ಪರಿಚಯವನ್ನು ಸಂಕ್ಷೇಪವಾಗಿ ಮಾಡಿಕೊಡುತ್ತೇನೆ. ವೀಣೆಯನ್ನು ಸಾಮಾನ್ಯವಾಗಿ ಹಲಸಿನ ಮರದಿಂದ ಮಾಡುವರು. ಮೈಸೂರಿನ ಕಡೆಯಲ್ಲಿ ಬೀಟೆಯ ಮರವನ್ನು ಬಳಸುವುದೂ ಉಂಟು. ಬಲಗಡೆ ದೊಡ್ಡ ಕೊಡ, ಅದರಿಂದ ಹೊರಟ ಟೊಳ್ಳಾದ ದಂಡಿ, ಅದರ ತುದಿಯಲ್ಲಿ ಬಿರಡೆಗಳು, ಯಾಳಿಯ ಮುಖ, ಕೆಳಗೆ ಆಸರೆಯಾಗಿ ಸೋರೆಬುರುಡೆ, ಇವು ಇದರ ಮುಖ್ಯಾಂಗಗಳು. ನುಡಿಸುವ ತಂತಿಗಳು 4, ಪಕ್ಕದಲ್ಲಿ ತಾಳದ ತಂತಿಗಳು 3. ತಂತಿಗಳು ಕೊಡದ ಮೇಲಿನ ಕುದುರೆಯನ್ನು ದಾಟಿ ಬಂದು, ದಂಡಿಯ ಮೇಲುತುದಿಯಲ್ಲಿ ಮೇರುವೆಂಬ ಅಡ್ಡಪಟ್ಟಿಯ ಮೇಲೆ ಹಾಯ್ದು, ಬಿರಡೆಗಳಿಗೆ ಸುತ್ತಿಕೊಳ್ಳುವುವು. ದಂಡಿಯ ಎರಡು ಅಂಚುಗಳಲ್ಲಿಯೂ ಮೇಣದ ಕಟ್ಟೆಯನ್ನು ಹಾಕಿ, ಅವುಗಳ ಮೇಲೆ ಅಡ್ಡಲಾಗಿ 24 ಲೋಹದ ಮೆಟ್ಟಿಲುಗಳನ್ನು ಏಣಿಯ ಮೆಟ್ಟಿಲುಗಳಂತೆ ಕೂರಿಸುವರು. ಇದಕ್ಕೆ ಮೇಳ ಕಟ್ಟುವುದೆಂದು ಹೆಸರು.

ಈ 24 ಮೆಟ್ಟಿಲುಗಳ ಏರ್ಪಾಡು ಒಂದೇ ದಿನದಲ್ಲಿ ಆದುದಲ್ಲ. ವಿಜಯನಗರದ ಕಾಲದಲ್ಲಿ, 1550ರಲ್ಲಿ, ರಾಮಾಮಾತ್ಯನು ರಚಿಸಿದ ಸ್ವರಮೇಳಕಲಾನಿಧಿಯಲ್ಲಿ, ಎಲ್ಲ ರಾಗಗಳಿಗೂ ಒದಗುವಂತೆ ಮೆಟ್ಟಿಲುಗಳನ್ನು ನಿಲ್ಲಿಸಿದ ವೀಣೆ, ಒಂದೊಂದು ರಾಗಕ್ಕೆ ತಕ್ಕಂತೆ ನಿಲ್ಲಿಸಿದ ವೀಣೆ ಎಂಬ ಎರಡು ಬಗೆಗಳು ಹೇಳಲ್ಪಟ್ಟಿವೆ. ಸ್ಥಾಯಿಯೊಂದಕ್ಕೆ 12ರಂತೆ ಎರಡು ಸ್ಥಾಯಿಗಳಿಗೆ 24 ಮೆಟ್ಟಿಲುಗಳನ್ನು ಸ್ಥಿರವಾಗಿ ನಿಲ್ಲಿಸಿದ ಇಂದಿನ ರೂಪವನ್ನು 17ನೆಯ ಶತಮಾನದ ತಂಜಾವೂರಿನ ರಘುನಾಥನಾಯಕನ ಕಾಲಕ್ಕೆ ಸೇರಿಸಿ ಹೇಳುವುದು ವಾಡಿಕೆ. ಆ ಪರಂಪರೆಯು ಮೈಸೂರಿನಲ್ಲಿ ವೀಣೆ ಶೇಷಣ್ಣನವರಂಥ (1852–1926) ಮಹನೀಯರಿಂದ ಬೆಳಗಿ, ವೆಂಕಟಗಿರಿಯಪ್ಪನವರಿಂದ ಅವರ ಶಿಷ್ಯರಾದ ದೊರೆಸ್ವಾಮಿ ಅಯ್ಯಂಗಾರ್ಯರವರೆಗೆ (1920–1997) ಹರಿದುಬಂದಿತು. ಇವರ ಹೆಸರುಗಳನ್ನು ನಾವು ಬಲ್ಲೆವು. ಇವರ ವೀಣೆಗಳಿಗೆ ಮೇಳ ಕಟ್ಟಿದ ಕೈಗಳ ಹೆಸರುಗಳನ್ನು ಬಲ್ಲವರು ಎಷ್ಟು ಮಂದಿ?

ಮೆಟ್ಟಿಲುಗಳ ಸ್ಥಾನಕ್ಕೆ ಲೆಕ್ಕವುಂಟು. ಮೇರುವಿನಿಂದ ಕುದುರೆಯವರೆಗೆ ತಂತಿಯ ಉದ್ದ 36 ಅಂಗುಲವೆಂದು ಎಣಿಕೆಯ ಸೌಕರ್ಯಕ್ಕಾಗಿ ಇಟ್ಟುಕೊಳ್ಳೋಣ. ಕುದುರೆಯಿಂದ ಅಳೆದರೆ 27 ಅಂಗುಲದಲ್ಲಿ ಶುದ್ಧ ಮಧ್ಯಮ, 24ರಲ್ಲಿ ಪಂಚಮ, ಸರಿಯರ್ಧವಾದ 18ರಲ್ಲಿ ಮೇಲಿನ ಷಡ್ಜ, ಕಾಲುಭಾಗವಾದ 9ರಲ್ಲಿ ಅದಕ್ಕೂ ಮೇಲಿನ ಷಡ್ಜ ಬರಬೇಕು. ಮೇರುವಿನಿಂದ ಮೊದಲನೆಯ ಮೆಟ್ಟಿಲಿಗೆ ಸುಮಾರು 2 ಅಂಗುಲ ದೂರವಿದ್ದರೆ, ಕೊನೆಯ ಎರಡು ಮೆಟ್ಟಿಲುಗಳ ನಡುವೆ ಸುಮಾರು ಅರ್ಧ ಅಂಗುಲ ಮಾತ್ರ ಉಳಿಯುವುದು. ಆದ್ದರಿಂದ ಮೇರುವಿನ ಬಳಿ ಕೂದಲಷ್ಟು ಆದ ತಪ್ಪು ಕಿವಿಗೆ ಎಷ್ಟು ತಾಕುವುದೋ, ಕೊಡದ ಬಳಿ ಆದ ಅಷ್ಟೇ ತಪ್ಪು ಅದರ ನಾಲ್ಕು ಮಡಿ ತಾಕುವುದು.

ಹಾಗಾದರೆ ಅಳತೆಗೋಲನ್ನು ಹಿಡಿದು ಗುರುತುಮಾಡಿ ಮೆಟ್ಟಿಲನ್ನು ಕೂರಿಸಿಬಿಟ್ಟರೆ ಸಾಲದೆ? ಸಾಲದು. ಏಕೆಂದರೆ ತಂತಿಯು ಮೆಟ್ಟಿಲಿನ ಮೇಲೆ ಸ್ವಲ್ಪ ಎತ್ತರದಲ್ಲಿ ಇರತಕ್ಕದ್ದು. ಬೆರಳು ಅದನ್ನು ಅದುಮಿದಾಗ ತಂತಿಯ ಬಿಗಿ ಹೆಚ್ಚುವುದು. ಬಿಗಿ ಹೆಚ್ಚಿದರೆ ಸ್ವರವು ಲೆಕ್ಕಕ್ಕಿಂತ ಮೇಲೇರುವುದು. ತಂತಿ ಎಷ್ಟು ಎತ್ತರವೋ ಏರಿಕೆಯೂ ಅಷ್ಟು ಹೆಚ್ಚು. ಮೇಳ ಕಟ್ಟುವವನು ಈ ಏರಿಕೆಗೆ ತಕ್ಕಷ್ಟು ಮೆಟ್ಟಿಲನ್ನು ಮೇರುವಿನ ಕಡೆಗೆ ಸರಿಸಬೇಕು. ಎಷ್ಟು ಸರಿಸಬೇಕೆಂಬುದನ್ನು ಕಿವಿಯೇ ಹೇಳಬೇಕು. ಇದರಿಂದ ಒಂದು ವಿಷಯ ಸ್ಪಷ್ಟವಾಗುವುದು. ದಂಡಿಯ ನೇರ, ಕುದುರೆಯ ಎತ್ತರ, ಮೆಟ್ಟಿಲಿನ ಸ್ಥಾನ ಇವು ಮೂರು ಬೇರೆಬೇರೆ ವಿಷಯಗಳಲ್ಲ. ಒಂದು ಕೆಟ್ಟರೆ ಉಳಿದೆರಡೂ ಸುಳ್ಳಾಗುವುವು. ಆದುದರಿಂದಲೇ ವೀಣೆಯ ದೋಷವನ್ನು ಹುಡುಕುವುದಕ್ಕೆ ಒಂದು ಕ್ರಮವುಂಟು. ಆ ಕ್ರಮವನ್ನು ತಪ್ಪಿಸಿದವನು ವಾದ್ಯವನ್ನು ಕೆಡಿಸುವನು. ನಾನು ಹಾಗೆ ಕೆಡಿಸಿದವನೇ ಆದುದರಿಂದ ಆ ಸಂಗತಿಯನ್ನು ಮೊದಲು ನಿವೇದಿಸುತ್ತೇನೆ.

ಆಗ ನನಗೆ ಇಪ್ಪತ್ತನಾಲ್ಕು ವಯಸ್ಸು. ಒಂದು ಸಣ್ಣ ಊರಿನಲ್ಲಿ ಮನೆಮನೆಗೆ ಹೋಗಿ ವೀಣೆಯ ಪಾಠ ಹೇಳುತ್ತಿದ್ದೆನು. ಅಲ್ಲಿ ಬಡ ಉಪಾಧ್ಯಾಯರೊಬ್ಬರ ಮಗಳು ನನ್ನ ಶಿಷ್ಯಳಾಗಿದ್ದಳು. ಹನ್ನೆರಡು ವರ್ಷದ ಮಗು, ಒಳ್ಳೆಯ ಕಿವಿ. ತಂದೆಯು ಸಾಲಮಾಡಿ ಹಳೆಯದೊಂದು ವೀಣೆಯನ್ನು ಕೊಂಡುತಂದಿದ್ದರು. ಮೊದಲನೆಯ ವರ್ಷ ಚೆನ್ನಾಗಿ ನಡೆಯಿತು. ಎರಡನೆಯ ವರ್ಷದಲ್ಲಿ ಆಕೆಯ ಸ್ವರಗಳೆಲ್ಲ ಮೇಲೇರತೊಡಗಿದುವು. ಪಂಚಮವು ಪಂಚಮವಾಗಿ ನಿಲ್ಲದು, ಗಾಂಧಾರವು ಹರಿತವಾಗುವುದು. ಮಗುವು ಬೆರಳನ್ನು ಒತ್ತಿ ಒತ್ತಿ ತುದಿಯಲ್ಲಿ ರಕ್ತ ಬರಿಸಿಕೊಳ್ಳುತ್ತಿದ್ದಳು. ನಾನು ಅದನ್ನು ಕೈಯ ದೋಷವೆಂದು ತೀರ್ಮಾನಿಸಿದೆನು. ಅಭ್ಯಾಸ ಸಾಲದೆಂದು ಗದರಿಸಿದೆನು. ಅವಳು ತಪ್ಪೆಲ್ಲ ತನ್ನದೆಂದೇ ನಂಬಿ, ಹೆಚ್ಚುಹೆಚ್ಚು ಹೊತ್ತು ಕುಳಿತು ಸಾಧನೆ ಮಾಡುತ್ತಿದ್ದಳು.

ಕೆಲವು ತಿಂಗಳ ಮೇಲೆ, ತಂತಿಗಳು ಬಹಳ ಎತ್ತರವಾಗಿವೆಯೆಂಬುದು ನನ್ನ ಕಣ್ಣಿಗೆ ಬಿತ್ತು. ನನಗೆ ತಿಳಿದಿದ್ದ ಉಪಾಯ ಒಂದೇ. ಕುದುರೆಯನ್ನು ತೆಗೆದು ಅದರ ಕಾಲನ್ನು ಅರದಿಂದ ಉಜ್ಜಿ ತಗ್ಗಿಸಿದೆನು. ತಂತಿಗಳು ತಗ್ಗಿದುವು, ಆದರೆ ಮೇಲಿನ ಮೆಟ್ಟಿಲುಗಳಲ್ಲಿ ತಂತಿಯು ತಾಕಿ ಜರಜರನೆ ಸದ್ದಾಗತೊಡಗಿತು. ಆ ಮೆಟ್ಟಿಲುಗಳನ್ನು ಮೇಣದೊಳಕ್ಕೆ ಅದುಮಿದೆನು. ಎರಡು ವಾರಗಳಲ್ಲಿ ತಂತಿ ಮತ್ತೆ ಎತ್ತರವಾಯಿತು. ಮತ್ತೆ ಉಜ್ಜಿದೆನು. ಕೊನೆಗೆ ಆ ವೀಣೆಯಿಂದ ನಾದವೆಂಬುದೇ ಹೊರಡದಂತಾಯಿತು.

ಆಗ ದೈವಯೋಗದಿಂದ ನಮ್ಮ ಗುರುಗಳು ಆ ಊರಿನ ಮೇಲೆ ಹೋಗುವವರಿದ್ದರು. ಅವರನ್ನು ಕರೆದುಕೊಂಡು ಹೋಗಿ ವೀಣೆಯನ್ನು ತೋರಿಸಿದೆನು. ಅವರು ಅದನ್ನು ನುಡಿಸಲಿಲ್ಲ. ತಂತಿಗಳನ್ನೆಲ್ಲ ಸಡಿಲಿಸಿ, ವೀಣೆಯನ್ನು ಬೆಳಕಿಗೆ ಹಿಡಿದು, ದಂಡಿಯು ಕೊಡಕ್ಕೆ ಕೂಡುವ ಸ್ಥಳದಲ್ಲಿ ಉಗುರನ್ನು ಆಡಿಸಿದರು. ಅಲ್ಲಿ ಕೂದಲೆಳೆಯಷ್ಟು ಬಿರುಕಿತ್ತು. ಬೆಸುಗೆ ಬಿಟ್ಟು, ತಂತಿಗಳ ಎಳೆತಕ್ಕೆ ದಂಡಿಯು ದಿನದಿನವೂ ಮುಂದಕ್ಕೆ ಬಾಗುತ್ತಿತ್ತು. ರೋಗ ಅಲ್ಲಿ, ನಾನು ಮದ್ದು ಹಾಕುತ್ತಿದ್ದುದು ಕುದುರೆಗೆ. ಗುರುಗಳು ನನ್ನನ್ನು ಬೈಯಲಿಲ್ಲ. “ಏನಪ್ಪಾ, ಈ ಮಗುವನ್ನು ಎಷ್ಟು ದಿವಸ ಗದರಿಸಿದೆ?” ಎಂದು ಮಾತ್ರ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಬೆಸುಗೆಯನ್ನು ಬಿಚ್ಚಿ ಮತ್ತೆ ಕೂಡಿಸಿದುದಾಯಿತು. ಉಜ್ಜಿದ ಮರವು ಮರಳಿ ಬಾರದಷ್ಟೆ. ಕುದುರೆಯನ್ನು ಹೊಸದಾಗಿಯೇ ಮಾಡಿಸಬೇಕಾಯಿತು. ಮೇಳವನ್ನು ಪೂರ್ತಿ ಕಿತ್ತು ಕಟ್ಟಿದುದಾಯಿತು. ಖರ್ಚನ್ನು ನಾನು ವಹಿಸಿಕೊಂಡೆನು. ವೀಣೆ ನೆಟ್ಟಗಾಯಿತು. ಆದರೆ ಆ ಮಗುವು ಮತ್ತೆ ಅದರ ಮುಂದೆ ಕೂರಲಿಲ್ಲ. ತನಗೆ ಕೈಯಿಲ್ಲವೆಂಬ ಮಾತು ಅವಳ ಮನಸ್ಸಿನಲ್ಲಿ ಬೇರೂರಿಹೋಗಿತ್ತು. ತಂದೆಯು ನನ್ನ ಮೇಲೆ ಒಂದು ಕಠಿನವಾದ ಮಾತನ್ನೂ ಆಡಲಿಲ್ಲ; ಬೀಳ್ಕೊಡುವಾಗ ಎಲೆ ಅಡಿಕೆಯ ಜೊತೆಗೆ ಎರಡು ಬಾಳೆಯ ಹಣ್ಣನ್ನು ಕೈಗಿತ್ತರು. ಅಂದಿನಿಂದ ನಾನು ಮೇಳ ಕಟ್ಟುವ ಕೆಲಸವನ್ನು ಕಲಿಯತೊಡಗಿದೆನು.

ಇನ್ನು ಕ್ರಮವನ್ನು ಹೇಳುತ್ತೇನೆ. ವಿದ್ಯಾರ್ಥಿಗಳು ಮನಸ್ಸಿಟ್ಟು ಕೇಳಬೇಕು.

ಮೊದಲನೆಯದು ದಂಡಿ. ತಂತಿಗಳನ್ನು ಶ್ರುತಿಗೆ ಏರಿಸಿರುವಾಗಲೇ ಅದನ್ನು ಪರೀಕ್ಷಿಸತಕ್ಕದ್ದು. ಭಾರವಿಲ್ಲದ ದಂಡಿಯು ನಿಜ ಹೇಳುವುದಿಲ್ಲ. ಬಡಗಿಯು ಹಲಗೆಯನ್ನು ನೋಡುವಂತೆ, ಯಾಳಿಯ ಕಡೆಯಿಂದ ಒಂದು ಕಣ್ಣನ್ನು ಮುಚ್ಚಿ ಕೊಡದ ಕಡೆಗೆ ದಿಟ್ಟಿಸಬೇಕು. ಬಳಿಕ ಮೊದಲನೆಯ ಮೆಟ್ಟಿಲಿನ ಮೇಲೆಯೂ ಕೊನೆಯ ಮೆಟ್ಟಿಲಿನ ಮೇಲೆಯೂ ತಂತಿಯನ್ನು ಏಕಕಾಲದಲ್ಲಿ ಅದುಮಿ, ನಡುವಣ ಮೆಟ್ಟಿಲುಗಳಿಗೂ ತಂತಿಗೂ ಇರುವ ಸಂದನ್ನು ನೋಡಬೇಕು. ಬಿಗಿದ ತಂತಿಗಿಂತ ನೇರವಾದ ಅಳತೆಗೋಲು ಬೇರೊಂದಿಲ್ಲ. ಅತ್ಯಲ್ಪವಾದ ಸಂದು ಇರಬಹುದು. ಮಿಡಿದ ತಂತಿ ತೂಗಾಡಲು ಎಡೆ ಬೇಕಷ್ಟೆ. ಸಂದು ಹೆಚ್ಚಾಗಿದ್ದರೆ ದಂಡಿ ಬಾಗಿದೆಯೆಂದೋ ಮೇಣ ಕುಗ್ಗಿದೆಯೆಂದೋ ತಿಳಿಯಬೇಕು. ಬೆಸುಗೆಯ ಜಾಗದಲ್ಲಿ ಉಗುರಾಡಿಸಿ ನೋಡಿದರೆ ಸಂಶಯ ಬಗೆಹರಿಯುವುದು. ಕೊಡವನ್ನೂ ದಂಡಿಯನ್ನೂ ಒಂದೇ ಮರದಿಂದ ಕೆತ್ತಿದ ಏಕಾಂಡ ವೀಣೆಗಳಿಗೆ ಈ ಬೆಸುಗೆಯ ಭಯವಿಲ್ಲ. ಅವುಗಳ ಮರವೂ ಬಾಗದೆಂದು ಮಾತ್ರ ನಂಬಬಾರದು. ಬೆಸುಗೆ ಬಿಟ್ಟಿದ್ದರೆ ಅದನ್ನು ಸರಿಪಡಿಸುವವರೆಗೆ ಬೇರೆ ಯಾವುದನ್ನೂ ಮುಟ್ಟಕೂಡದು.

ಎರಡನೆಯದು ಕುದುರೆ. ಇದು ಮರದ್ದು, ಇದರ ನೆತ್ತಿಯ ಮೇಲೆ ಕಂಚಿನ ರೇಕು. ತಂತಿಗಳ ಒತ್ತಡವೇ ಸಾಮಾನ್ಯವಾಗಿ ಇದನ್ನು ಹಲಗೆಯ ಮೇಲೆ ನಿಲ್ಲಿಸಿರುವುದು. ತಂತಿಗಳನ್ನೆಲ್ಲ ಒಮ್ಮೆಗೇ ಬಿಚ್ಚಿದರೆ ಕುದುರೆಯು ಸರಿಯುವುದು. ಸರಿದರೆ 24 ಮೆಟ್ಟಿಲುಗಳೂ ತಪ್ಪಿದಂತೆಯೇ. ಆದುದರಿಂದ ಬಿಚ್ಚುವ ಮುನ್ನ ಅದರ ಕಾಲುಗಳ ಸುತ್ತ ಸೀಸದ ಕಡ್ಡಿಯಿಂದ ಗುರುತುಮಾಡಿಕೊಳ್ಳಬೇಕು; ತಂತಿ ಬದಲಾಯಿಸುವಾಗ ಒಂದೊಂದಾಗಿಯೇ ಬದಲಾಯಿಸಬೇಕು. ಕಂಚಿನ ರೇಕಿನ ಮೈ ಚಪ್ಪಟೆಯಲ್ಲ, ಅತಿ ಮೆಲ್ಲಗೆ ಇಳಿಜಾರಾದುದು. ಮಿಡಿದ ತಂತಿ ಆ ಇಳಿಜಾರನ್ನು ಸವರುತ್ತ ಕಂಪಿಸುವುದರಿಂದಲೇ ವೀಣೆಯ ನಾದವು ತುಂಬಿಬರುವುದು. ತಂತಿಯನ್ನು ಯಾವ ಬಿಂದುವಿನಲ್ಲಿ ಮಿಡಿದರೆ ಆ ಬಿಂದುವಿನಲ್ಲಿ ನಿಶ್ಚಲವಾಗಿರತಕ್ಕ ಅನುಸ್ವರಗಳು ಹುಟ್ಟುವುದಿಲ್ಲವೆಂದು ಪಾಶ್ಚಾತ್ಯ ವಿಜ್ಞಾನಿಗಳು ನಿಯಮ ಹೇಳಿದ್ದರು. ವೀಣೆ ತಂಬೂರಿಗಳಲ್ಲಿ ಅವೂ ಹುಟ್ಟುವುವೆಂದೂ ಅದಕ್ಕೆ ಕುದುರೆಯ ಈ ಆಕಾರವೇ ಕಾರಣವೆಂದೂ ಚಂದ್ರಶೇಖರ ವೆಂಕಟರಾಮನ್ನರು 1921ರಲ್ಲಿ ತೋರಿಸಿಕೊಟ್ಟರು. ತಂಬೂರಿಯಲ್ಲಿ ತಂತಿಯ ಕೆಳಗೆ ನೂಲಿನ ಎಳೆಯೊಂದನ್ನಿಟ್ಟು ಜೀವ ಕೂಡಿಸುವುದನ್ನು ತಾವು ನೋಡಿರುವಿರಿ. ಅದೂ ಈ ತತ್ತ್ವವೇ. ಬಹಳ ಕಾಲ ನುಡಿಸಿದ ಮೇಲೆ ರೇಕಿನಲ್ಲಿ ತಂತಿಗಳ ಗಾಡಿಯ ಜಾಡಿನಂಥ ಗೆರೆಗಳು ಬೀಳುವುವು. ಆಗ ನಾದ ಸತ್ತು ಹೋಗುವುದು, ಇಲ್ಲವೆ ಒಡಕು ಸದ್ದು ಬರುವುದು. ರೇಕನ್ನು ಬಲ್ಲವರ ಕೈಯಿಂದ ಹದವಾಗಿ ಉಜ್ಜಿಸಬೇಕು. ಉಜ್ಜುವುದು ಸುಲಭ, ಉಜ್ಜಿದುದನ್ನು ಹಿಂದಕ್ಕೆ ತರಲಾಗದು.

ಮೂರನೆಯದು ತಂತಿ. ತುಕ್ಕು ಹಿಡಿದ ತಂತಿ, ಮೆಟ್ಟಿಲುಗಳ ಮೇಲೆ ಉಜ್ಜಿ ಅಲ್ಲಲ್ಲಿ ತೆಳುವಾದ ತಂತಿ, ಎಂದಿಗೂ ಸತ್ಯವನ್ನು ನುಡಿಯದು. ಅಂಥ ತಂತಿಯನ್ನು ನಂಬಿ ಮೆಟ್ಟಿಲುಗಳನ್ನು ಸರಿಸಿದವನು ಹೊಸ ತಂತಿ ಹಾಕಿದ ದಿನ ಪಶ್ಚಾತ್ತಾಪಪಡುವನು. ಮೆಟ್ಟಿಲಿಗೆ ಕೈ ಹಾಕುವ ಮುನ್ನ ಹೊಸ ತಂತಿಯನ್ನು ಏರಿಸಿ, ಅದು ಎಳೆದು ನಿಲ್ಲುವವರೆಗೆ ಕೆಲವು ದಿನ ಬಿಡಬೇಕು.

ನಾಲ್ಕನೆಯದು ಮೆಟ್ಟಿಲು. ಜೇನುಮೇಣಕ್ಕೆ ಇದ್ದಿಲ ಪುಡಿಯನ್ನೂ ರಾಳವನ್ನೂ ಹದವರಿತು ಬೆರಸುವರು. ಹದ ಮೃದುವಾದರೆ ಬೇಸಗೆಯಲ್ಲಿ ಮೆಟ್ಟಿಲುಗಳು ಕುಸಿಯುವುವು. ಗಡಸಾದರೆ ಬಿರಿದು ಉದುರುವುವು. ಕಟ್ಟುವ ಕ್ರಮವೇನೆಂದರೆ, ತೆರೆದ ತಂತಿಯನ್ನು ಷಡ್ಜಕ್ಕೆ ಶುದ್ಧವಾಗಿ ಕೂಡಿಸಿ, ಮೊದಲು 12ನೆಯ ಮೆಟ್ಟಿಲಿನಲ್ಲಿ ಮೇಲಿನ ಷಡ್ಜವನ್ನೂ 24ನೆಯದರಲ್ಲಿ ಅದರ ಮೇಲಿನದನ್ನೂ ನಿಲ್ಲಿಸಬೇಕು. ಆಮೇಲೆ 7ನೆಯದರಲ್ಲಿ ಪಂಚಮ, 5ನೆಯದರಲ್ಲಿ ಶುದ್ಧ ಮಧ್ಯಮ. ಈ ಕಂಬಗಳು ನಿಂತ ಮೇಲೆ ಉಳಿದವನ್ನು ಇವುಗಳ ನಡುವೆ ತುಂಬಬೇಕು. ಕಾಯಿಸಿದ ಕಬ್ಬಿಣದಿಂದ ಮೇಣವನ್ನು ಮೆತ್ತಗೆ ಮಾಡಿ, ಮೆಟ್ಟಿಲನ್ನು ಕೂದಲಷ್ಟು ಸರಿಸಿ, ಮಿಡಿದು, ಕೇಳಿ, ಮತ್ತೆ ಸರಿಸಿ, ಹೀಗೆ 24 ಸಲವೂ ಮಾಡಬೇಕು. ಬಳಿಕ ಎರಡನೆಯ ತಂತಿಯನ್ನು ಸಾಕ್ಷಿಗೆ ಕರೆಯಬೇಕು. ಮಂದ್ರ ಪಂಚಮದ ಆ ತಂತಿಯನ್ನು 5ನೆಯ ಮೆಟ್ಟಿಲಿನಲ್ಲಿ ಅದುಮಿದರೆ ಮೊದಲನೆಯ ತಂತಿಯ ತೆರೆದ ಷಡ್ಜವೇ ಕೇಳಬೇಕು. ಮೊದಲನೆಯ ತಂತಿಯಲ್ಲಿ ಸರಿಯಾಗಿದ್ದು ಇದರಲ್ಲಿ ತಪ್ಪಿದರೆ ಮೆಟ್ಟಿಲು ಓರೆಯಾಗಿದೆಯೆಂದು ಅರ್ಥ.

ಸ್ವರವು ಸರಿಯಾದರೆ ಸಾಲದು, ಎತ್ತರವೂ ಸರಿಯಾಗಬೇಕು. ನಮ್ಮ ಸಂಗೀತದಲ್ಲಿ ಗಮಕವೇ ಪ್ರಾಣ. ವೈಣಿಕನು ತಂತಿಯನ್ನು ಮೆಟ್ಟಿಲಿನ ಮೇಲೆಯೇ ಅಡ್ಡಲಾಗಿ ಎಳೆದು ಮೇಲಿನ ಸ್ವರಗಳನ್ನು ಬರಿಸುವನು. ಮುಂದಿನ ಮೆಟ್ಟಿಲು ಸ್ವಲ್ಪ ಎತ್ತರವಾಗಿದ್ದರೂ ಎಳೆದ ತಂತಿಯು ಅದಕ್ಕೆ ತಾಕಿ ಸ್ವರವು ನಡುವೆಯೇ ಕತ್ತರಿಸಿ ಹೋಗುವುದು. ಒಂದೊಂದು ಮೆಟ್ಟಿಲಿನ ಮೇಲೆಯೂ ತಂತಿಯನ್ನು ಪೂರ್ತಿ ಎಳೆದು ಪರೀಕ್ಷಿಸದ ಹೊರತು ಮೇಳ ಮುಗಿಯಿತೆಂದು ಹೇಳಕೂಡದು. ಕಡೆಯಲ್ಲಿ ತಾಳದ ತಂತಿಗಳನ್ನು ಅವುಗಳ ಪಕ್ಕದ ಕಮಾನಿನ ಮೇಲೆ ಹದಮಾಡಿ ಷಡ್ಜ ಪಂಚಮಗಳಿಗೆ ಕೂಡಿಸುವುದು ಐದನೆಯ ಕೆಲಸ.

ಈ ಕಾಲದಲ್ಲಿ ಮೊಬೈಲ್ ಫೋನಿನಲ್ಲಿಯೇ ಶ್ರುತಿಯನ್ನು ಅಳೆದು ತೋರಿಸುವ ಸಾಧನಗಳು ಬಂದಿವೆ. ಅವುಗಳನ್ನು ನಾನು ಹಳಿಯುವುದಿಲ್ಲ. ದೂರದ ಊರಿನಲ್ಲಿರುವ ಏಕಾಕಿಯಾದ ವಿದ್ಯಾರ್ಥಿಗೆ ಅವು ಸಹಾಯಕವೇ ಸರಿ. ಆದರೆ ಆ ಸಾಧನವು ಪಂಚಮ ಏರಿದೆಯೆಂದು ಹೇಳುವುದೇ ಹೊರತು ಏಕೆ ಏರಿತೆಂದು ಹೇಳದು. ಬೆರಳು ಬಿಗಿಯಾಯಿತೋ, ತಂತಿ ಹಳತಾಯಿತೋ, ಕುದುರೆ ಸರಿಯಿತೋ, ಬೆಸುಗೆ ಬಿಟ್ಟಿತೋ ಎಂಬುದನ್ನು ಕಣ್ಣು, ಕಿವಿ, ಉಗುರುಗಳಿಂದ ನಾವೇ ಹುಡುಕಬೇಕು.

ಪಾಲನೆಯ ವಿಷಯದಲ್ಲಿ ಎರಡು ಮಾತು. ವೀಣೆಯನ್ನು ಬಿಸಿಲಿನಲ್ಲಿಯೂ, ಬಾಗಿಲು ಮುಚ್ಚಿ ಬಿಸಿಲಿಗೆ ನಿಲ್ಲಿಸಿದ ಮೋಟಾರು ಗಾಡಿಯೊಳಗೂ ಇಡಬೇಡಿರಿ. ಮೇಣವು ಕರಗುವುದಕ್ಕೆ ಬಹಳ ಮುಂಚೆಯೇ ಮೆತ್ತಗಾಗಿ ಮೆಟ್ಟಿಲುಗಳು ತಂತಿಯ ಅದುಮಿಗೆ ತಗ್ಗಿಬಿಡುವುವು. ದಂಡಿಯನ್ನು ಮಾತ್ರ ಹಿಡಿದು ಎತ್ತಬೇಡಿರಿ. ಕೊಡಕ್ಕೂ ಕೈಯಾಸರೆ ಕೊಡಿರಿ.

ಕಳೆದ ತಿಂಗಳು ಶ್ರೀಮಠದಿಂದ ಅಪ್ಪಣೆ ಬಂದು, ಪಾಠಶಾಲೆಯ ಪೂಜಾಗೃಹದಲ್ಲಿ ಬಹುಕಾಲದಿಂದ ಮೌನವಾಗಿದ್ದ ವೀಣೆಯನ್ನು ನಾನು ಪರೀಕ್ಷಿಸಿದೆನು. ಭಕ್ತರೊಬ್ಬರು ಹಿಂದೆ ಸಮರ್ಪಿಸಿದ್ದ ಆ ವೀಣೆಯನ್ನು ಕೆಟ್ಟುಹೋದುದೆಂದು ಎಣಿಸಿ ಹೂವೇರಿಸಿ ಇಡಲಾಗಿತ್ತು. ದಂಡಿ ನೆಟ್ಟಗಿತ್ತು, ಬೆಸುಗೆ ಗಟ್ಟಿಯಾಗಿತ್ತು. ಮೇಣ ಒಣಗಿ ಮೂರು ಮೆಟ್ಟಿಲುಗಳು ಅಲ್ಲಾಡುತ್ತಿದ್ದುವು, ಕುದುರೆ ಒಂದು ಗೋದಿಯ ಕಾಳಿನಷ್ಟು ಸರಿದಿತ್ತು. ಅಷ್ಟೇ ಅದರ ರೋಗ. ಇಷ್ಟು ವರ್ಷ ಅದರ ಮುಂದೆ ಕುಳಿತು ಸ್ವರ ಕೂಡದೆ, ಸಂಗೀತ ತಮಗೆ ಒಲಿಯದೆಂದು ಎದ್ದುಹೋದ ಮಕ್ಕಳು ಎಷ್ಟು ಮಂದಿಯೋ ಎಂದು ನನಗೆ ಮನಸ್ಸು ಕಲಕಿತು. ಈಗ ಅದಕ್ಕೆ ಹೊಸ ಮೇಳವನ್ನು ಕಟ್ಟಿದ್ದೇನೆ. ಈ ಸಾಯಂಕಾಲದ ಕಾರ್ಯಕ್ರಮದಲ್ಲಿ ಪಾಠಶಾಲೆಯ ವಿದ್ಯಾರ್ಥಿನಿಯೊಬ್ಬಳು ಅದನ್ನೇ ನುಡಿಸುವಳು.

ನನ್ನ ವಿಜ್ಞಾಪನೆ ಎರಡು. ಉಪಾಧ್ಯಾಯರಲ್ಲಿ ಒಂದು: ಮಗುವಿನ ಕೈಯನ್ನು ದೂರುವುದಕ್ಕೆ ಮುನ್ನ ಮಗುವಿನ ವಾದ್ಯವನ್ನು ನೋಡಿರಿ. ಕೈಯಲ್ಲಿ ದೋಷವಿದ್ದರೆ ನಾಳೆಯೂ ತಿದ್ದಬಹುದು. ಇಲ್ಲದ ದೋಷವನ್ನು ಹೊರಿಸಿದರೆ ತಿದ್ದುವುದಕ್ಕೆ ಮುಂದೆ ಮಗುವೇ ಇರದು. ಶ್ರೀಮಠದಲ್ಲಿ ಇನ್ನೊಂದು: ನುಡಿಸುವುದನ್ನು ಕಲಿಸಲು ಇಲ್ಲಿ ಏರ್ಪಾಡಿದೆ; ಅದರೊಡನೆ ಇಬ್ಬರು ವಿದ್ಯಾರ್ಥಿಗಳಿಗಾದರೂ ಮೇಳ ಕಟ್ಟುವುದನ್ನು ಕಲಿಸಲು ಏರ್ಪಾಡಾಗಲಿ. ಈ ಕೆಲಸವನ್ನು ಬಲ್ಲವರು ವಿರಳರಾಗುತ್ತಿದ್ದಾರೆ. ನನ್ನ ಕಿವಿ ನೆಟ್ಟಗಿರುವವರೆಗೆ ತಿಂಗಳಿಗೊಮ್ಮೆ ನಾನೇ ಬಂದು ಹೇಳಿಕೊಡಲು ಸಿದ್ಧನಿದ್ದೇನೆ; ಪ್ರತಿಫಲವನ್ನು ಅಪೇಕ್ಷಿಸುವವನಲ್ಲ. ಎಂದೋ ಒಂದು ಸಣ್ಣ ಊರಿನಲ್ಲಿ ಮಾಡಿದ ಸಾಲವು ನನ್ನ ಮೇಲಿದೆ. ಅದನ್ನು ಇಲ್ಲಿ ತೀರಿಸಲು ಅವಕಾಶವಾದರೆ ಅದೇ ನನಗೆ ಪ್ರಸಾದ.